ಜೂನ್ ತಿಂಗಳ ಚೀಟಿ

ನಮ್ಮ ಏರಿಯಾದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಳು ಮುಂದೆ ಏನ್ ಓದ್ತಾರೆ ಅನ್ನೋದು ಮಾರ್ಕ್ಸ್ ಕಾರ್ಡ್ ಬರೋಕೆ ಮುಂಚೆನೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತೆ. ಅವರಮ್ಮನ ಚೀಟಿ ಯಾವ ತಿಂಗಳು ಎತ್ತೋಕಾಗುತ್ತೆ, ಸಂಘದ ಕಂತು ಇನ್ನೂ ಎಷ್ಟು ವಾರ ಇದೆ, ಸೇಟು ಅಂಗಡೀಲಿರೋ ಓಲೆ ಬಿಡಿಸ್ಕೊಂಡಿದ್ದಾರಾ ಇಲ್ವಾ, ಇಷ್ಟು ಗೊತ್ತಿದ್ರೆ ಸಾಕು, ಆ ಮನೆ ಹುಡುಗಿ ಸೈನ್ಸ್ ತಗೊಳ್ತಾಳೋ ಕಾಮರ್ಸ್ ತಗೊಳ್ತಾಳೋ ಇಲ್ಲಾ ಸೀದಾ ಗಾರ್ಮೆಂಟ್ಸ್‌ಗೆ ಹೆಲ್ಪರ್ ಆಗಿ ಹೋಗ್ತಾಳೋ ಅಂತ ಪಕ್ಕದ್ಮನೆ ಆಂಟಿ ಕೂಡ ಕರೆಕ್ಟಾಗಿ ಹೇಳ್ಬಿಡ್ತಾರೆ. ಮೋಟಿವೇಶನ್ ಸ್ಪೀಚ್ ಕೊಡೋರು ಬಂದು "ದೊಡ್ಡ ಕನಸು ಕಾಣಿ" ಅಂತಾರಲ್ಲ, ಅವರಿಗೆ ಒಂದ್ಸಲ ನಮ್ಮ ವಠಾರದಲ್ಲಿ ಏಪ್ರಿಲ್ ಮೇ ಜೂನ್ ಮೂರೇ ಮೂರು ತಿಂಗಳು ಸಂಸಾರ ಮಾಡೋಕೆ ಬಿಡ್ಬೇಕು.

ನಮ್ದು ಪೀಣ್ಯದ ಪಕ್ಕ ಲಗ್ಗೆರೆ ಕಡೆ. ಊರು ಕುಣಿಗಲ್ ತಾಲೂಕು, ಅಲ್ಲಿ ಮಳೆ ನಂಬ್ಕೊಂಡಿರೋ ರಾಗಿ ಹೊಲ ಒಂದಿದೆ, ಅದೂ ದೊಡ್ಡಪ್ಪನ ಜೊತೆ ಜಂಟಿ ಖಾತೆ. ಅಪ್ಪ ಯಶವಂತಪುರ ಯಾರ್ಡಲ್ಲಿ ಮೂಟೆ ಹೊರೋಕೆ ಅಂತ ಬಂದ, ಆಮೇಲೆ ಅಮ್ಮ ನಮ್ಮಿಬ್ಬರನ್ನೂ ಕರ್ಕೊಂಡ್ ಬಂದು ಗಾರ್ಮೆಂಟ್ಸ್‌ಗೆ ಸೇರಿದ್ಲು, ಮೊದ್ಲು ಹೆಲ್ಪರ್, ದಾರ ಕತ್ತರಿಸೋ ಕೆಲಸ, ಆಮೇಲೆ ಟೈಲರ್. ನಾನು ಹುಟ್ಟಿದ್ದು 2000ದಲ್ಲಿ, ಅಕ್ಕ ನನಗಿಂತ ನಾಕು ವರ್ಷ ದೊಡ್ಡೋಳು. ಈ ಥರ ಮನೆಗಳು ಪೀಣ್ಯದ ಸುತ್ತ ಲೆಕ್ಕ ಇಲ್ಲದಷ್ಟಿವೆ, ನಮ್ಮದೇನೂ ಸ್ಪೆಷಲ್ ಅಲ್ಲ, ಅದಕ್ಕೇ ಬರೀತಿರೋದು.

ಚೀಟಿ ಹೆಂಗೆ ನಡಿಯುತ್ತೆ ಅಂತ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಇಪ್ಪತ್ತು ಜನ ಸೇರ್ತಾರೆ, ತಿಂಗಳಿಗೆ ತಲೆಗೆ ಸಾವಿರ ರೂಪಾಯಿ ಅಂದ್ರೆ 20 ಸಾವಿರದ ಚೀಟಿ. ಪ್ರತಿ ತಿಂಗಳು ಕೂಗ್ತಾರೆ. ದುಡ್ಡು ಅರ್ಜೆಂಟ್ ಇರೋರು "ಎರಡು ಬಿಡ್ತೀನಿ" "ಮೂರು ಬಿಡ್ತೀನಿ" ಅಂತ ಕೂಗ್ಬೇಕು, ಯಾರು ಜಾಸ್ತಿ ಬಿಡ್ತಾರೋ ಅವರಿಗೆ ಆ ತಿಂಗಳ ಚೀಟಿ, ಬಿಟ್ಟ ದುಡ್ಡನ್ನ ಎಲ್ರಿಗೂ ಹಂಚಿ ಅವರವರ ಕಂತಲ್ಲಿ ಕಳೀತಾರೆ. ಈಗ ಮಜಾ ನೋಡಿ, ನವೆಂಬರ್‌ನಲ್ಲಿ ಇದೇ ಚೀಟಿ ಸಾವಿರ ಒಂದೂವರೆ ಸಾವಿರ ಬಿಟ್ಟು ಎತ್ಕೋಬೋದು, ಆದ್ರೆ ಮೇ ಕೊನೆ ಜೂನ್ ಶುರುವಲ್ಲಿ ಅದೇ 20 ಸಾವಿರಕ್ಕೆ ಐದು ಸಾವಿರ ಆರು ಸಾವಿರದವರೆಗೂ ಕೂಗು ಹೋಗುತ್ತೆ, ಯಾಕಂದ್ರೆ ಆವಾಗ ಎಲ್ಲಾ ತಾಯಂದಿರಿಗೂ ಒಟ್ಟಿಗೆ ಫೀಸ್ ಕಟ್ಬೇಕು. 14 ಸಾವಿರ ಕೈಗೆ ಬರುತ್ತೆ, ಕಟ್ಟೋದು ಮಾತ್ರ 20ರ ಲೆಕ್ಕದಲ್ಲೇ. ಬಿಟ್ಟ ಆರು ಸಾವಿರದ ಪಾಲು ಯಾರಿಗೆ ಹೋಯ್ತು? ಜೂನ್‌ನಲ್ಲಿ ದುಡ್ಡು ಬೇಡದೇ ಇರೋರಿಗೆ. ಅಂದ್ರೆ ಆ ರೂಮಲ್ಲಿ ಕೂತಿರೋ ಹೆಂಗಸರಲ್ಲಿ ಯಾರು ಮಕ್ಕಳನ್ನ ಓದಿಸ್ಬೇಕು ಅಂತ ಗಟ್ಟಿಯಾಗಿ ಆಸೆ ಪಡ್ತಾರೋ ಅವರೇ ಜಾಸ್ತಿ ಕಳ್ಕೊಳ್ಳೋದು. ಚೀಟಿ ನಡೆಸೋ ಅಕ್ಕ ಕೆಟ್ಟೋರೇನಲ್ಲ, ಲೆಕ್ಕವೂ ಸರಿಯಾಗೇ ಇರುತ್ತೆ, ಯಾರೂ ಮೋಸ ಮಾಡ್ತಿಲ್ಲ, ಆದ್ರೂ ಹಿಂಗೇ ಆಗೋದು.

ಕಷ್ಟದ ಮನೆಗಳಲ್ಲಿ ಮುಂದಿನ ಬಗ್ಗೆ ಯೋಚನೆ ಮಾಡಲ್ಲ, ದುಡ್ಡು ಬಂದಾಗ ಖರ್ಚು ಮಾಡ್ಬಿಡ್ತಾರೆ ಅಂತ ನಮ್ಮ ಆಫೀಸಲ್ಲಿ ಊಟದ ಟೈಮಲ್ಲಿ ಆಗಾಗ ಕೇಳ್ತೀನಿ. ನನಗೆ ಗೊತ್ತಿರೋ ಯಾವ ಗಾರ್ಮೆಂಟ್ಸ್ ಹೆಂಗಸೂ ಮುಂದಿನದ್ದು ಯೋಚನೆ ಮಾಡದೇ ಇರೋದು ನಾನ್ ನೋಡಿಲ್ಲ. ಅವರ ಆಸೆಗೆ ತಾರೀಕು ಇರುತ್ತೆ ಅಷ್ಟೇ. "ಮಗಳು ಓದಿ ದೊಡ್ಡ ಮನುಷ್ಯಳಾಗ್ಬೇಕು" ಅನ್ನೋದು ಅವರ ತಲೇಲಿ "ಜೂನ್ ಹತ್ತರೊಳಗೆ ಎಂಟು ಸಾವಿರ" ಅಂತ ಇರುತ್ತೆ. ಒಂದು ತಾರೀಕು ದಾಟಿದ್ರೆ ಮುಂದಿನ ತಾರೀಕು. ಇಪ್ಪತ್ತು ವರ್ಷದ ಪ್ಲಾನ್ ಹಾಕೋಕೆ ಅವರಿಗೆ ಬರಲ್ಲ ಅಂತಲ್ಲ, ಪ್ಲಾನ್ ಹಾಕೋಕೆ ಮಧ್ಯದ ವರ್ಷಗಳ ಮೇಲೆ ಸ್ವಲ್ಪ ನಂಬಿಕೆ ಬೇಕಲ್ವಾ, ಅದು ಇರಲ್ಲ.

ಇದು ಇಡೀ ದೇಶಕ್ಕೆ ಕಾಣೋ ಹಾಗೆ ರೋಡಿಗೆ ಬಂದಿದ್ದು 2016ರ ಏಪ್ರಿಲ್‌ನಲ್ಲಿ. ಪಿಎಫ್, ಅಂದ್ರೆ ಭವಿಷ್ಯ ನಿಧಿ, ಅದರ ಗಲಾಟೆ. ಬೆಂಗಳೂರಲ್ಲಿ ಇದ್ದೋರಿಗೆ ನೆನಪಿರುತ್ತೆ.

ಹಿನ್ನೆಲೆ ಗೊತ್ತಿಲ್ದೇ ಆ ಗಲಾಟೆ ಅರ್ಥ ಆಗಲ್ಲ. ಆಗ ಟೈಲರ್ ಸಂಬಳ ಏಳು ಸಾವಿರ ಚಿಲ್ಲರೆ. ಅದರಲ್ಲಿ 12 ಪರ್ಸೆಂಟ್ ಪಿಎಫ್ ಅಂತ ಹಿಡ್ಕೊಳ್ತಾರೆ, ಮಾಲೀಕರೂ 12 ಹಾಕ್ತಾರೆ, ಆದ್ರೆ ಮಾಲೀಕರ ಪಾಲಲ್ಲಿ 8.33 ಪೆನ್ಷನ್‌ಗೆ ಹೋಗಿ 3.67 ಮಾತ್ರ ಪಿಎಫ್‌ಗೆ ಬೀಳುತ್ತೆ. ನಾಕು ವರ್ಷ ಮಿಷನ್ ತುಳಿದ್ರೆ ನಲವತ್ತು ಸಾವಿರದ ಹತ್ರ ಸೇರುತ್ತೆ. ಒಬ್ಬ ಟೈಲರ್ ಜೀವನದಲ್ಲಿ ಒಟ್ಟಿಗೆ ನಲವತ್ತು ಸಾವಿರ ನೋಡೋಕೆ ಇದೊಂದೇ ದಾರಿ. ಕೆಲಸದಲ್ಲಿದ್ದುಕೊಂಡೇ ಮದುವೆಗೋ ಓದಿಗೋ ಅಡ್ವಾನ್ಸ್ ತಗೋಬೇಕಂದ್ರೆ ಆಗ ಏಳು ವರ್ಷ ಸರ್ವಿಸ್ ಆಗಿರ್ಬೇಕಿತ್ತು, ಸಿಗ್ತಿದ್ದದ್ದೂ ತನ್ನ ಪಾಲಿನ ಅರ್ಧ. ಹಂಗಾಗಿ ಎಲ್ರೂ ಮಾಡ್ತಿದ್ದದ್ದು ಏನಂದ್ರೆ ರಿಸೈನ್ ಮಾಡೋದು. ರಿಸೈನ್ ಮಾಡಿ ಎರಡು ತಿಂಗಳು ಕಾಯ್ಬೇಕಿತ್ತು, ಆ ಎರಡು ತಿಂಗಳು ಪಿಎಫ್ ಇಲ್ದೇ ಇರೋ ಯಾವ್ದಾದ್ರೂ ಸಣ್ಣ ಯೂನಿಟ್ಟಲ್ಲಿ ಪೀಸ್ ಲೆಕ್ಕಕ್ಕೆ ಹೊಲಿಯೋದು, ಪಿಎಫ್ ತೆಗೆಯೋ ಫಾರಂ 19 ಮತ್ತೆ ಪೆನ್ಷನ್ ದುಡ್ಡು ತೆಗೆಯೋ 10ಸಿ ತುಂಬೋಕೆ ಏಜೆಂಟ್‌ಗೆ ಒಂದಿಷ್ಟು ಕೊಡೋದು, ದುಡ್ಡು ಬಂದ್ಮೇಲೆ ಬೇರೆ ಫ್ಯಾಕ್ಟರಿಗೆ ಹೊಸದಾಗಿ ಸೇರೋದು. ಸೀನಿಯಾರಿಟಿ ಹೋಯ್ತು, ಐದು ವರ್ಷ ಆಗಿದ್ರೆ ಸಿಗ್ತಿದ್ದ ಗ್ರಾಚುಟಿನೂ ಹೋಯ್ತು. ಎಲ್ಲಾ ಗೊತ್ತಿದ್ದೇ ಮಾಡೋದು.

2016ರ ಫೆಬ್ರವರಿ 10ಕ್ಕೆ ಕೇಂದ್ರ ಸರ್ಕಾರ ಹೊಸ ರೂಲ್ ತಂತು, ಇನ್ಮೇಲೆ ಕೆಲಸ ಬಿಟ್ರೆ ನಿಮ್ಮ ಪಾಲು ಮಾತ್ರ, ಮಾಲೀಕರ ಪಾಲು 58 ವರ್ಷ ಆದ್ಮೇಲೆ ಅಂತ. ಉದ್ದೇಶ ಒಳ್ಳೇದೇ ಅನ್ನಿ, ವಯಸ್ಸಾದ ಕಾಲಕ್ಕೆ ಕೈಯಲ್ಲಿ ಏನಾದ್ರೂ ಇರ್ಲಿ ಅಂತ. ಈಗ ನಾನೇ ಅಕೌಂಟ್ಸ್‌ನಲ್ಲಿ ಕೆಲಸ ಮಾಡೋದ್ರಿಂದ ಲೆಕ್ಕ ಹಾಕಿದ್ರೆ, ಹಿಡಿದಿಡ್ತೀವಿ ಅಂದಿದ್ದು ಒಟ್ಟು ಪಿಎಫ್‌ನ ಹೆಚ್ಚೂಕಮ್ಮಿ ಕಾಲು ಭಾಗ. ಆದ್ರೆ ಫ್ಲೋರಲ್ಲಿ ಸುದ್ದಿ ಹರಡಿದ್ದು ಪಿಎಫ್ ಇನ್ ಸಿಗಲ್ವಂತೆ ಅಂತ. ಏಪ್ರಿಲ್ 18ಕ್ಕೆ ಬೊಮ್ಮನಹಳ್ಳಿ, ಹೊಸೂರು ರಸ್ತೆ ಕಡೆ ಸಾವಿರಾರು ಹೆಂಗಸರು ಮಿಷನ್ ಬಿಟ್ಟು ರೋಡಿಗೆ ಬಂದ್ರು. 19ಕ್ಕೆ ನಮ್ಮ ಕಡೆ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆಗೂ ಹರಡ್ತು. ಯೂನಿಯನ್ ಕರೆ ಕೊಟ್ಟು ಆಗಿದ್ದಲ್ಲ ಅದು, ಮುಂದೆ ನಿಂತು ಮೈಕ್ ಹಿಡಿಯೋ ಲೀಡರೂ ಇರ್ಲಿಲ್ಲ. ಕಲ್ಲು ಬಿತ್ತು, ಬಸ್ಸಿಗೆ ಬೆಂಕಿ ಬಿತ್ತು, ಲಾಠಿ ಚಾರ್ಜ್ ಆಯ್ತು, ಟಿಯರ್ ಗ್ಯಾಸ್ ಆಯ್ತು. ಬಸ್ಸು ಸುಟ್ಟಿದ್ದನ್ನ ನಾನೇನ್ ಸರಿ ಅನ್ನಲ್ಲ. ಅವತ್ತು ಸಾಯಂಕಾಲದೊಳಗೆ ಕಾರ್ಮಿಕ ಸಚಿವರಾಗಿದ್ದ ಬಂಡಾರು ದತ್ತಾತ್ರೇಯ ಅವರು ರೂಲ್ ವಾಪಸ್ ತಗೊಂಡ್ವಿ ಅಂದ್ರು. ಎರಡು ದಿನದಲ್ಲಿ ಕೇಂದ್ರ ಸರ್ಕಾರವನ್ನ ಬಗ್ಗಿಸಿದ್ದು ಟಾರ್ಗೆಟ್ ಮುಗಿಸದೇ ಇದ್ರೆ ಸೂಪರ್‌ವೈಸರ್ ಹತ್ರ ಬೈಸ್ಕೊಂಡು ತಲೆ ತಗ್ಗಿಸ್ತಿದ್ದ ಹೆಂಗಸರು.

ಅಮ್ಮನೂ ಹೋಗಿದ್ಲು. ಅವತ್ತು ರಾತ್ರಿ ಕಾಲಿಗೆ ಬಿಸಿನೀರು ಹಾಕ್ಕೊಳ್ತಾ ಅಪ್ಪನ ಹತ್ರ ಹೇಳಿದ್ದು ನನಗೆ ಹಂಗೇ ನೆನಪಿದೆ: "ಐವತ್ತೆಂಟಕ್ಕೆ ಕೊಡ್ತಾರಂತೆ ಐವತ್ತೆಂಟಕ್ಕೆ. ನಲವತ್ತು ದಾಟಿದ್ರೆ ಗೇಟಲ್ಲೇ ವಾಪಸ್ ಕಳಿಸ್ತಾರೆ, ಐವತ್ತೆಂಟರವರೆಗೂ ಯಾವನ್ ಕೆಲಸ ಕೊಡ್ತಾನೆ ನಂಗೆ? ಇವಳನ್ನ ಕಾಲೇಜಿಗೆ ಹಾಕ್ಬೇಕಾಗಿರೋದು ಈ ಜೂನಲ್ಲಿ." ಇವಳು ಅಂದ್ರೆ ನಾನು. ಎಸ್ಸೆಸ್ಸೆಲ್ಸಿ ಬರೆದು ರಿಸಲ್ಟ್ ಕಾಯ್ತಿದ್ದೆ. ಮನೇಲಿ ಅಮ್ಮ ಮೇ ತಿಂಗಳಲ್ಲಿ ರಿಸೈನ್ ಮಾಡಿ ಪಿಎಫ್ ತೆಗೆಯೋದು ಅಂತ ಮೊದಲೇ ಮಾತಾಗಿತ್ತು, ಅದರಲ್ಲಿ ಅರ್ಧ ನನ್ನ ಪಿಯುಸಿಗೆ, ಅರ್ಧ ಅಕ್ಕನ ಮದುವೆಗೆ ಅಂತ ಎತ್ತಿಡೋದು.

ಸರ್ಕಾರ ಭವಿಷ್ಯ ಅಂದಾಗ ಅಮ್ಮನ ಮುದಿವಯಸ್ಸು ಅಂದ್ಕೊಂಡಿತ್ತು. ಅಮ್ಮನಿಗೆ ತನ್ನ ಮುದಿವಯಸ್ಸು ಒಂದು ವಿಷಯವೇ ಆಗಿರ್ಲಿಲ್ಲ. ಅವಳ ಆಸೆ ಎಲ್ಲಾ ಬೇರೆಯೋರ ಹೆಸರಲ್ಲಿತ್ತು. ನಮ್ಮಂಥ ಮನೆಗಳಲ್ಲಿ ಹೆಚ್ಚು ಕಮ್ಮಿ ಎಲ್ಲಾ ಕಡೆ ನೋಡಿದ್ದೀನಿ, ಮೂವತ್ತು ಮೂವತ್ತೈದು ವರ್ಷಕ್ಕೆ ಜನ ತಮಗೆ ಅಂತ ಆಸೆ ಪಡೋದನ್ನ ನಿಲ್ಲಿಸಿಬಿಡ್ತಾರೆ, ನಿಲ್ಲಿಸಿ ಅದನ್ನೆಲ್ಲಾ ಮಕ್ಕಳ ತಲೆ ಮೇಲೆ ಹಾಕ್ತಾರೆ, ಅದೂ ಎಲ್ಲಾ ಮಕ್ಕಳ ಮೇಲಲ್ಲ.

ಅಕ್ಕನ ಕಥೆ ಇಲ್ಲಿ ಬರುತ್ತೆ. ಅವಳು ಎಸ್ಸೆಸ್ಸೆಲ್ಸೀಲಿ ಮ್ಯಾಥ್ಸ್ ಒಂದೇ ಒಂದು ಸಬ್ಜೆಕ್ಟ್ ಫೇಲ್. ಸಪ್ಲಿಮೆಂಟರಿ ಕಟ್ಬೋದಿತ್ತು, ಕಟ್ಟಿದ್ಲು ಕೂಡ, ಮತ್ತೆ ಹೋಯ್ತು. ಅದೇ ವರ್ಷ ಯಾರ್ಡಲ್ಲಿ ಅಪ್ಪ ಬೆನ್ನು ಹಿಡ್ಕೊಂಡು ಕೆಲವು ತಿಂಗಳು ಮನೇಲಿ ಮಲಗಿದ್ದ. ಟ್ಯೂಷನ್ ಹಾಕಿ ಮೂರನೇ ಸಲ ಬರೆಸೋಣ ಅಂತ ಯಾರೂ ಅನ್ನಲಿಲ್ಲ, ಬೇಡ ಅಂತನೂ ಯಾರೂ ಅನ್ನಲಿಲ್ಲ, ಆ ಮಾತು ಎತ್ತಲೇ ಇಲ್ಲ. ಹದಿನೆಂಟು ತುಂಬಿದ ತಕ್ಷಣ ಅಮ್ಮನ ಲೈನಲ್ಲೇ ಹೆಲ್ಪರ್ ಆಗಿ ಸೇರಿದ್ಲು. ನನ್ನ ಕೊಲೀಗ್ ಒಬ್ರ ಮಗ ಹತ್ತನೇ ಕ್ಲಾಸಲ್ಲಿ ಎಡವಿ, ಪಿಯುಸೀಲಿ ಎಡವಿ, ಆಮೇಲೆ ಯಾವ್ದೋ ಡಿಸೈನ್ ಕೋರ್ಸ್ ಮಾಡಿ ಈಗ ಚೆನ್ನಾಗಿದ್ದಾನೆ, "ಅವನ ಪ್ಯಾಶನ್ ಹುಡುಕೋಕೆ ಟೈಮ್ ಬೇಕಾಯ್ತು" ಅಂತಾರೆ. ಒಳ್ಳೇದಾಯ್ತು, ಸಂತೋಷ. ಅಕ್ಕನಿಗೆ ಇದ್ದಿದ್ದು ಎರಡು ಚಾನ್ಸು. ನಮ್ಮನೇಲಿ ಆಸೆ ಇಡೋಕೆ ಒಬ್ಬರಿಗಷ್ಟೇ ದುಡ್ಡಿತ್ತು, ಅದು ನನ್ನ ಕಡೆ ತಿರುಗ್ತು, ನಾನು ಬುದ್ಧಿವಂತೆ ಅನ್ನೋದಕ್ಕಿಂತ ನನ್ನ ಸರದಿ ಬಂದಾಗ ಅಪ್ಪನ ಬೆನ್ನು ಸ್ವಲ್ಪ ಸರಿಹೋಗಿತ್ತು ಮತ್ತೆ ಮನೇಲಿ ಎರಡನೇ ಸಂಬಳ ಅಂತ ಅಕ್ಕನದ್ದೇ ಬರ್ತಿತ್ತು.

"ನೀನೊಬ್ಳು ದಡ ಸೇರ್ಬಿಡು ಮಗ, ಸಾಕು" ಅಂತಿದ್ಲು ಅಮ್ಮ. ಪ್ರೀತಿಯಿಂದಲೇ ಅಂತಿದ್ದದ್ದು. ಆದ್ರೆ ಆ ಮಾತು ಕೇಳ್ಕೊಂಡು ಬೆಳೆದೋರಿಗೆ ಗೊತ್ತು ಅದರ ಭಾರ ಎಷ್ಟು ಅಂತ. ಆಮೇಲೆ ಯಾವ ರಿಸ್ಕೂ ತಗೋಳೋಕೆ ಧೈರ್ಯ ಬರಲ್ಲ, ಯಾಕಂದ್ರೆ ಮುಳುಗಿದ್ರೆ ನಾನೊಬ್ಳೇ ಮುಳುಗಲ್ಲ.

ಮೇ ತಿಂಗಳಲ್ಲಿ ರಿಸಲ್ಟ್ ಬಂತು, ಎಂಬತ್ತೇಳು ಪರ್ಸೆಂಟ್. ಸೈನ್ಸ್ ಮೇಷ್ಟ್ರು ಪಿಸಿಎಂಬಿ ತಗೋ ಅಂದ್ರು. ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳ್ಲಿ. ಮನೇಲಿ ಕೂತು ಲೆಕ್ಕ ಹಾಕಿದ್ವಿ. 1994ರಿಂದ ಸಿಇಟಿ ಇದೆ, ಮೆರಿಟ್ ಬಂದ್ರೆ ಸರ್ಕಾರಿ ಕೋಟಾದಲ್ಲಿ ಕಮ್ಮಿ ಫೀಸಿಗೆ ಎಂಜಿನಿಯರಿಂಗ್ ಸೀಟ್ ಸಿಗುತ್ತೆ, ಅದು ನಿಜ, ಎಷ್ಟೋ ಬಡವರ ಮಕ್ಕಳನ್ನ ಮೇಲೆತ್ತಿರೋದೂ ನಿಜ. ಆದ್ರೆ ಆ ರ‍್ಯಾಂಕ್ ತೆಗೀಬೇಕಂದ್ರೆ ಮೊದಲು ಎರಡು ವರ್ಷ ಟ್ಯೂಷನ್ನು ಕೋಚಿಂಗು ಆಗ್ಬೇಕು. ಅದಾಗಿ ನಾಕು ವರ್ಷ ಎಂಜಿನಿಯರಿಂಗ್. ಮಧ್ಯದಲ್ಲಿ ಅಪ್ಪನ ಬೆನ್ನು ಮತ್ತೆ ಕೈಕೊಟ್ರೆ? ಅಮ್ಮನ ಫ್ಯಾಕ್ಟರಿ ಮುಚ್ಚಿದ್ರೆ? ಅರ್ಧಕ್ಕೆ ನಿಂತ ಎಂಜಿನಿಯರಿಂಗ್‌ಗೆ ಮಾರ್ಕೆಟ್‌ನಲ್ಲಿ ಬೆಲೆ ಇಲ್ಲ. ಕಾಮರ್ಸ್ ಹಂಗಲ್ಲ, ಅದು ಎಲ್ಲಾ ಸ್ಟಾಪಲ್ಲೂ ನಿಲ್ಲೋ ಶಟಲ್ ಬಸ್ಸು. ಪಿಯುಸಿ ಆದ್ಮೇಲೆ ಟ್ಯಾಲಿ ಕಲಿತು ಇಳಿದ್ಬಿಡ್ಬೋದು, ಯಾವ್ದಾದ್ರೂ ಅಂಗಡೀಲಿ ಬಿಲ್ಲಿಂಗ್ ಸಿಗುತ್ತೆ. ಬಿಕಾಂ ಮಾಡ್ತಾ ಪಾರ್ಟ್ ಟೈಮ್ ಮಾಡ್ಬೋದು. ದುಡ್ಡಿರೋ ಮನೆಯೋರು ನಾನ್‌ಸ್ಟಾಪ್ ಹತ್ತಿ ಕಣ್ಮುಚ್ಚಿ ಕೂರ್ತಾರೆ, ನಾವು ಎಲ್ಲಿ ಬೇಕಾದ್ರೂ ಇಳಿಯೋಕೆ ಆಗುತ್ತಾ ಅಂತ ಕೇಳ್ಕೊಂಡು ಹತ್ತೋದು. ನಮ್ಮ ಏರಿಯಾ ಮಕ್ಕಳು ಐಟಿಐ, ಡಿಪ್ಲೊಮಾ, ಬಿಕಾಂ ಅಂತ ಹೋಗೋದು ಆಸೆ ಸಣ್ಣದು ಅಂತಲ್ಲ, ಅಲ್ಲಿ ಇಳಿಯೋ ಜಾಗ ಜಾಸ್ತಿ ಇದೆ ಅಂತ. ಕಾಮರ್ಸ್ ತಗೊಂಡೆ. ಈಗ ಒಂದು ಟ್ರೇಡಿಂಗ್ ಕಂಪನೀಲಿ ಜಿಎಸ್‌ಟಿ ಫೈಲಿಂಗ್ ನೋಡ್ಕೊಳ್ತೀನಿ, ಕೆಲಸ ಇಷ್ಟ ಇದೆ, ದೂರೇನಿಲ್ಲ. ಬಯಾಲಜಿ ಪುಸ್ತಕ ಕಂಡ್ರೆ ಈಗ್ಲೂ ಒಂದ್ಸಲ ತಿರುವಿ ನೋಡ್ತೀನಿ ಅಷ್ಟೇ.

ಬಡವರು ತಪ್ಪು ನಿರ್ಧಾರ ತಗೊಳ್ತಾರೆ, ಅದಕ್ಕೇ ಬಡವರಾಗೇ ಇರ್ತಾರೆ ಅನ್ನೋ ವಾದಕ್ಕೆ ಉತ್ತರ ಹುಡುಕ್ತಿದ್ದಾಗ ಒಂದು ಅಧ್ಯಯನ ಸಿಕ್ತು. 2013ರಲ್ಲಿ ಸೈನ್ಸ್ ಪತ್ರಿಕೇಲಿ ಬಂದಿದ್ದು, ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತೆ ಇನ್ನಿಬ್ಬರು ಮಾಡಿದ್ದು. ತಮಿಳುನಾಡಿನ 464 ಜನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಂದ್ಸಲ, ಕಟಾವಾಗಿ ಕೈಗೆ ದುಡ್ಡು ಬಂದ್ಮೇಲೆ ಒಂದ್ಸಲ ಬುದ್ಧಿಶಕ್ತಿ ಅಳೆಯೋ ಟೆಸ್ಟ್ ಕೊಟ್ರು. ಅದೇ ರೈತ, ಅದೇ ತಲೆ. ದುಡ್ಡು ಕೈಗೆ ಬಂದ್ಮೇಲೆ ಟೆಸ್ಟ್ ಚೆನ್ನಾಗಿ ಮಾಡ್ತಿದ್ದ, ಮುಂಚೆ ಅಷ್ಟು ಚೆನ್ನಾಗಿ ಮಾಡ್ತಿರ್ಲಿಲ್ಲ. ಇದನ್ನ ಓದ್ದಾಗ ನನಗೆ ಮಂಡ್ಯದ ಕಡೆ ಇರೋ ಮಾವ ನೆನಪಾದ್ರು. ಫ್ಯಾಕ್ಟರಿಗೆ ಕಬ್ಬು ಹಾಕಿದ ಹದಿನಾಲ್ಕು ದಿನದಲ್ಲಿ ದುಡ್ಡು ಕೊಡ್ಬೇಕು ಅಂತ ಕೇಂದ್ರ ಸರ್ಕಾರದ 1966ರ ಕಬ್ಬು ಕಂಟ್ರೋಲ್ ಆರ್ಡರ್‌ನಲ್ಲೇ ಇದೆ, ಲೇಟಾದ್ರೆ ಬಡ್ಡಿ ಸಮೇತ. ಮಾವಂಗೆ ಒಂದು ವರ್ಷ ತಿಂಗಳುಗಟ್ಟಲೆ ಲೇಟಾಗಿ ಬಂತು, ಬಡ್ಡಿ ಮಾತಂತೂ ಬಿಡಿ. ಆ ಗ್ಯಾಪಲ್ಲಿ ಅವರ ಮಗನ ಡಿಪ್ಲೊಮಾ ಅಡ್ಮಿಷನ್ ಡೇಟ್ ದಾಟಿಹೋಯ್ತು. ಫೋನಲ್ಲಿ "ಅತ್ತೆ ತಲೇನೇ ಓಡಲ್ಲ ಅಂತಾಳೆ ಕಣವ್ವ, ನಂದೂ ಓಡ್ತಿಲ್ಲ" ಅಂದಿದ್ರು. ಆ ವಿಜ್ಞಾನಿಗಳು ಅಳೆದು ಹೇಳಿದ್ದೂ ಅದನ್ನೇ.

ಇದೇ ಗ್ಯಾಪನ್ನ ತುಂಬೋಕೆ ಬಂದಿದ್ದು ಸಂಘದ ಸಾಲ, ಮೈಕ್ರೋಫೈನಾನ್ಸ್. ಒತ್ತೆ ಇಡೋಕೆ ಏನೂ ಇಲ್ದೇ ಇರೋ ಹೆಂಗಸಿಗೆ ಮನೆ ಬಾಗ್ಲಿಗೆ ಬಂದು ಮೂವತ್ತು ನಲವತ್ತು ಸಾವಿರ ಕೊಡ್ತಾರೆ ಅಂದ್ರೆ ಅದು ಸಣ್ಣ ವಿಷಯ ಅಲ್ಲ, ಮೀಟರ್ ಬಡ್ಡಿಯೋನಿಗಿಂತ ಎಷ್ಟೋ ವಾಸಿ. ಮೊದಲ ಸಾಲ ಮಗನ ಫೀಸಿಗೆ. ಎರಡನೇದು ಮೊದಲನೇದರ ಕಂತಿಗೆ. ಬೆಳಿಗ್ಗೆ ಏಳಕ್ಕೇ ಸೆಂಟರ್ ಮೀಟಿಂಗ್, ಗುಂಪಲ್ಲಿ ಒಬ್ರು ಕಟ್ಟದಿದ್ರೆ ಉಳಿದೋರು ಕೈಯಿಂದ ಹಾಕ್ಬೇಕು, ಹಂಗಾಗಿ ಸಾಲದೋನು ಬಾಯಿ ಬಿಡೋ ಅವಶ್ಯಕತೆನೇ ಇಲ್ಲ, ಪಕ್ಕದ್ಮನೆಯೋಳೇ ಬಾಗ್ಲಿಗೆ ಬಂದು ಕೂಗಾಡ್ತಾಳೆ. 2025ರ ಜನವರೀಲಿ ಚಾಮರಾಜನಗರ, ರಾಮನಗರ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟೋರ ಸುದ್ದಿ ದಿನಾ ಬರ್ತಿತ್ತು. ಹಾವೇರಿ ಕಡೆ ಹೆಣ್ಮಕ್ಳು ಮುಖ್ಯಮಂತ್ರಿಗೆ ಮಾಂಗಲ್ಯ ಪೋಸ್ಟ್ ಮಾಡಿದ್ರು. ಫೆಬ್ರವರಿ 12ಕ್ಕೆ ಸುಗ್ರೀವಾಜ್ಞೆ ಬಂತು, ಕಿರುಕುಳ ಕೊಟ್ಟು ವಸೂಲಿ ಮಾಡಿದ್ರೆ ಹತ್ತು ವರ್ಷದವರೆಗೂ ಜೈಲು, ಐದು ಲಕ್ಷದವರೆಗೂ ದಂಡ ಅಂತ. ಬಂದಿದ್ದು ಒಳ್ಳೇದಾಯ್ತು. ಆದ್ರೆ ನನಗೆ ಅದಕ್ಕಿಂತ ಆಶ್ಚರ್ಯ ಆಗೋದು ರಿಸರ್ವ್ ಬ್ಯಾಂಕಿನ 2022ರ ರೂಲು. ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯ ಇರೋ ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ 50 ಪರ್ಸೆಂಟ್ ದಾಟಬಾರದು ಅಂತ. ದಾಟಬಾರದು ಅನ್ನೋದೇನೋ ಸರಿ. ಅರ್ಧದವರೆಗೂ ಹೋದ್ರೆ ಓಕೆ ಅಂತಾಯ್ತಲ್ಲ! 16 ಸಾವಿರ ಬರೋ ಮನೇಲಿ ಎಂಟು ಸಾವಿರ ಕಂತಿಗೆ ಹೋಗಿ, ಐದು ಸಾವಿರ ಬಾಡಿಗೆಗೆ ಹೋಗಿ, ಉಳಿದ ಮೂರು ಸಾವಿರದಲ್ಲಿ ಅಕ್ಕಿ ಬಿಟ್ಟು ಬಾಕಿ ಎಲ್ಲಾ ತಂದು, ಮಗು ಓದಿ ಏನಾಗ್ಬೇಕು ಅಂತ ಯೋಚನೆ ಮಾಡ್ಬೇಕು.

ಇನ್ನೊಂದ್ ಕಡೆ, ಸಣ್ಣದಾದ್ರೂ ತಪ್ಪದೇ ಬರೋ ದುಡ್ಡು ಏನ್ ಮಾಡುತ್ತೆ ಅನ್ನೋದನ್ನೂ ನೋಡಿದ್ದೀನಿ. 2023ರ ಜೂನ್ 11ರಿಂದ ಶಕ್ತಿ, ಬಸ್ ಫ್ರೀ. ಆಗಸ್ಟ್ ಕೊನೇಲಿ ಗೃಹಲಕ್ಷ್ಮಿ, ಎರಡು ಸಾವಿರ. ಬಿಟ್ಟಿ ಭಾಗ್ಯ ಅಂತ ಬೈಯೋರು ಬೈಲಿ, ಕಂತು ಲೇಟಾದಾಗ ಅಮ್ಮನೂ ಸರ್ಕಾರಕ್ಕೆ ಚೆನ್ನಾಗೇ ಬೈತಾಳೆ. ಆದ್ರೆ ಆ ದುಡ್ಡು ಬರೋಕೆ ಶುರುವಾದ್ಮೇಲೆ ಅಮ್ಮ ಮೊದಲ ಸಲ ಫೀಸು ಮದುವೆ ಆಸ್ಪತ್ರೆ ಯಾವುದೂ ಅಲ್ಲದ ಒಂದು ವಿಷಯ ಮಾತಾಡಿದ್ಲು. ಹೊಲಿಗೆ ಮಿಷನ್ ತಗೋಬೇಕಂತೆ, ಮನೇಲೇ ಬ್ಲೌಸ್ ಹೊಲಿಯೋಕೆ, ಅದೂ ಮೋಟರ್ ಇರೋದು. ಇಷ್ಟು ವರ್ಷ ಕಂಪನಿ ಮಿಷನ್ ತುಳಿದವಳಿಗೆ ಸ್ವಂತದ್ದು ಒಂದಿರ್ಲಿಲ್ಲ. ಆ ಕಡೆ ರಾಯಬಾಗ ತಾಲೂಕಲ್ಲಿ ಒಬ್ಬ ಅಜ್ಜಿ ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಊರಿಗೆಲ್ಲಾ ಹೋಳಿಗೆ ಊಟ ಹಾಕಿಸಿದ್ದು ಪೇಪರಲ್ಲಿ ಬಂದಿತ್ತಲ್ಲ, ಎಷ್ಟೋ ಜನ ನಕ್ಕಿದ್ರು. ನನಗೆ ಅದು ಚೆನ್ನಾಗಿ ಅರ್ಥ ಆಯ್ತು. ಒಂದ್ ತಿಂಗಳಾದ್ರೂ ಕೈಯಲ್ಲಿರೋ ದುಡ್ಡಿಗೆ ಮೊದಲೇ ಹೆಸರು ಬರೆದಿಲ್ದೇ ಇದ್ರೆ ಆಗೋ ಸಂತೋಷ ಅದು.

ಅಮ್ಮಂಗೆ ಈಗ ಐವತ್ಮೂರು. ಪೆನ್ಷನ್ ಬರುತ್ತಾ ನೋಡು ಅಂದ್ಲು ಅಂತ ಹೋದ ವರ್ಷ ಅವಳ ಪಾಸ್‌ಬುಕ್ ಆನ್‌ಲೈನಲ್ಲಿ ತೆಗೆದೆ. ಪಿಎಫ್ ಪೆನ್ಷನ್ ಬರ್ಬೇಕಂದ್ರೆ ಹತ್ತು ವರ್ಷ ಸರ್ವಿಸ್ ಆಗಿರ್ಬೇಕು. ಅಮ್ಮ ಹೊಲಿದಿದ್ದು ಇಪ್ಪತ್ತು ವರ್ಷದ ಹತ್ತಿರ ಹತ್ತಿರ. ಆದ್ರೆ ಪ್ರತಿ ಸಲ ರಿಸೈನ್ ಮಾಡಿದಾಗ 10ಸಿ ತುಂಬಿ ಪೆನ್ಷನ್ ದುಡ್ಡೂ ತೆಗೆದಿದ್ದಾಳೆ, ಹಂಗೆ ತೆಗೆದ್ರೆ ಆ ಸರ್ವಿಸ್ ಲೆಕ್ಕದಿಂದ ಹೋಗ್ಬಿಡುತ್ತೆ. ದಾಖಲೆ ಪ್ರಕಾರ ಉಳಿದಿರೋದು ಕೊನೆಯ ನಾಕು ವರ್ಷ ಅಷ್ಟೇ. ಬರಲ್ಲಮ್ಮ ಅಂದೆ. "ಹೋಗ್ಲಿ ಬಿಡು, ನೀನ್ ಓದಿದ್ಯಲ್ಲ" ಅಂದ್ಲು, ಅಂದ್ಬಿಟ್ಟು ಸೊಪ್ಪು ಬಿಡಿಸ್ತಾ ಕೂತ್ಲು. ಅವಳ ಲೆಕ್ಕದಲ್ಲಿ ನಷ್ಟ ಆಗಿಲ್ಲ. ನಾನೇ ಅವಳ ಪೆನ್ಷನ್ನು.

ಈಗ ಅಕ್ಕನ ಸರದಿ. ಅವಳ ಮಗಳು ಒಂದನೇ ಕ್ಲಾಸಿಗೆ ಹೋಗ್ಬೇಕು. ನಮ್ಮ ಥರದೋರಿಗೆ ಮುಂಚೆ ಆರ್‌ಟಿಇ ಇತ್ತು, ಪ್ರೈವೇಟ್ ಸ್ಕೂಲಲ್ಲಿ 25 ಪರ್ಸೆಂಟ್ ಸೀಟು. 2019ರಿಂದ ಕರ್ನಾಟಕದಲ್ಲಿ ಹತ್ತಿರದಲ್ಲಿ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರೆ ಪ್ರೈವೇಟಲ್ಲಿ ಆ ಸೀಟ್ ಇಲ್ಲ ಅಂತಾಯ್ತು, ಬೆಂಗಳೂರಲ್ಲಿ ಹತ್ರ ಒಂದು ಸರ್ಕಾರಿ ಶಾಲೆ ಇಲ್ದೇ ಇರೋ ವಾರ್ಡ್ ಎಲ್ಲಿದೆ ಹೇಳಿ. ಸರ್ಕಾರಿ ಶಾಲೇಲೇ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಶುರುವಾಗಿದೆ, ಅಲ್ಲಿಗೆ ಹಾಕಕ್ಕ, ನಾನೂ ಸರ್ಕಾರಿ ಶಾಲೇಲೇ ಓದಿದ್ದಲ್ವಾ ಅಂದೆ. "ನಿನ್ ಕಾಲ ಬೇರೆ ಕಣೇ. ನಾನಂತೂ ಮ್ಯಾಥ್ಸಲ್ಲಿ ಹೋದೆ, ಇವಳು ಇಂಗ್ಲಿಷಲ್ಲಿ ಹೋಗೋದ್ ಬೇಡ" ಅಂದ್ಲು. ವರ್ಷಕ್ಕೆ ನಲವತ್ತು ಸಾವಿರ ಫೀಸು, ವ್ಯಾನು ಬೇರೆ. ಅದಕ್ಕೆ ರಿಸೈನ್ ಮಾಡಿ ಪಿಎಫ್ ತೆಗಿತೀನಿ ಅಂತ ಕೂತಿದ್ದಾಳೆ.

ನಾನು ಅಕೌಂಟ್ಸಿನೋಳು ಅಂತ ಬಿಡಿಸಿ ಹೇಳೋಕೆ ಹೋದೆ. 2025ರ ಅಕ್ಟೋಬರ್‌ನಲ್ಲಿ, ಪಿಎಫ್ ನೋಡ್ಕೊಳ್ಳೋ ಸಂಸ್ಥೆ ಇಪಿಎಫ್‌ಓದ ಟ್ರಸ್ಟಿಗಳ ಸಭೇಲಿ ಹೊಸ ತೀರ್ಮಾನ ಆಗಿದೆ, ಕೆಲಸ ಬಿಟ್ರೆ ಪೂರ್ತಿ ತೆಗೆಯೋಕೆ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯ್ಬೇಕು, ಪೆನ್ಷನ್ ದುಡ್ಡಿಗೆ ಮೂವತ್ತಾರು ತಿಂಗಳು, ಕಾಲು ಭಾಗ ಖಾತೆಯಲ್ಲೇ ಇರ್ಬೇಕು. ಕಾಲು ಭಾಗ! ಹತ್ತು ವರ್ಷದ ಹಿಂದೆ ಹೆಚ್ಚೂಕಮ್ಮಿ ಅಷ್ಟಕ್ಕೇ ಈ ಊರಲ್ಲಿ ಬಸ್ಸು ಸುಟ್ಟಿದ್ದು, ಈ ಸಲ ಯಾರೂ ರೋಡಿಗೆ ಬರ್ಲಿಲ್ಲ, ಯಾಕಂದ್ರೆ ಅದೇ ತೀರ್ಮಾನದಲ್ಲಿ ಇನ್ನೊಂದೂ ಇದೆ, ಓದಿಗೆ ಮದುವೆಗೆ ಅಂತ ಕೆಲಸ ಬಿಡದೇ ಸ್ವಲ್ಪ ಸ್ವಲ್ಪ ತೆಗೆಯೋದನ್ನ ಸುಲಭ ಮಾಡ್ತೀವಿ, ಒಂದು ವರ್ಷ ಸರ್ವಿಸ್ ಆಗಿದ್ರೆ ಸಾಕು ಅಂದಿದ್ದಾರೆ. ಅದಕ್ಕೇ ರಿಸೈನ್ ಬೇಡ ಅಕ್ಕ, ಮಗು ಆದಾಗ ಒಂದ್ಸಲ ಬಿಟ್ಟು ಎಲ್ಲಾ ತೆಗೆದ್ಯಲ್ಲ, ಅದಾದ್ಮೇಲೆ ಆರು ಏಳು ವರ್ಷ ಸೇರಿದೆ, ಇನ್ನೊಂದ್ ಮೂರು ನಾಕು ವರ್ಷ ತಳ್ಳಿದ್ರೆ ಹತ್ತು ಆಗುತ್ತೆ, ಪೆನ್ಷನ್ ಗ್ಯಾರಂಟಿ ಅಂದೆ.

"ಎಷ್ಟು ಬರುತ್ತೆ?"

ಅವಳ ಬೇಸಿಕ್ಕು ಡಿಎ ಸೇರಿ 13 ಸಾವಿರ. ಹತ್ತು ವರ್ಷದಿಂದ ಗುಣಿಸಿ 70ರಿಂದ ಭಾಗಿಸ್ಬೇಕು. ಸಾವಿರದ ಎಂಟುನೂರ ಐವತ್ತೇಳು ರೂಪಾಯಿ ಅಂದೆ, ತಿಂಗಳಿಗೆ, ಐವತ್ತೆಂಟು ವರ್ಷ ಆದ್ಮೇಲೆ.

ಜೋರಾಗಿ ನಕ್ಕಳು. "ಅಷ್ಟೊತ್ತಿಗೆ ಒಂದು ಸಿಲಿಂಡರ್ ಬರಲ್ಲ ಕಣೇ ಅದ್ರಲ್ಲಿ. ಇದಕ್ಕೆ ನನ್ ಮಗಳ ಸ್ಕೂಲ್ ಬಿಡಿಸ್ಲಾ?"

ಲೆಕ್ಕ ತಪ್ಪು ಅನ್ನೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಕೊನೆಗೆ ರಿಸೈನ್ ಮಾಡದೇ ಅಡ್ವಾನ್ಸ್‌ಗೆ ಹಾಕೋಣ, ರಿಜೆಕ್ಟ್ ಆದ್ರೆ ನೋಡೋಣ ಅಂತ ಒಪ್ಪಿಸಿದೆ. ಹಾಕೋಕೆ ಹೋದ್ರೆ ಪಿಎಫಲ್ಲಿ ಅವಳ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಇದೆ, ಆಧಾರಲ್ಲಿ ಗಂಡನ ಇನಿಷಿಯಲ್. ಸರಿ ಮಾಡ್ಸೋಕೆ ಜಾಯಿಂಟ್ ಡಿಕ್ಲರೇಶನ್ ಕೊಡ್ಬೇಕು, ಅದಕ್ಕೆ ಫ್ಯಾಕ್ಟರಿ ಎಚ್‌ಆರ್ ಒಪ್ಪಿಗೆ ಬೇಕು, ಎಚ್‌ಆರ್ ಮುಂದಿನ ವಾರ ಬನ್ನಿ ಅಂತಾರೆ. ಸ್ಕೂಲಿನೋರು ಮೊದಲ ಕಂತು ಏಪ್ರಿಲ್ ಹತ್ತರೊಳಗೆ ಅಂದಿದ್ದಾರೆ. ಅಷ್ಟರಲ್ಲಿ ಆಗದಿದ್ರೆ ಅಂತ ಇಪ್ಪತ್ತು ಸಾವಿರ ನಾನು ಎತ್ತಿಟ್ಟಿದ್ದೀನಿ, ಸುಮ್ನೆ ಕೊಟ್ರೆ ತಗೊಳಲ್ಲ ಅವಳು, ಸಾಲ ಅಂತ ಬರೆದಿಡ್ಬೇಕಂತೆ, ತಿಂಗಳಿಗೆ ಎರಡು ಸಾವಿರದ ಹಾಗೆ ತೀರಿಸ್ತಾಳಂತೆ. ಬಡ್ಡಿ ಎಷ್ಟು ಅಂತ ಕೇಳಿದ್ಲು. ಬೈದು ಕಳಿಸ್ದೆ.